ನಾಲ್ಕು ಕಿಲೋಮೀಟರ್ ಆಚೆಗಿನ ನಾಳೆ

ಪ್ರೀತಿಯ ಸತೀಶ,

ಸಿಯಾಟಲ್‌ನಿಂದ ಫೋನ್ ಮಾಡಿದಾಗೆಲ್ಲ "ನಿಮಗಾಗಲೇ ನಾಳೆ ಆಯ್ತಲ್ಲೋ" ಅಂತೀಯ. ಅದಕ್ಕೇ ಡಯೋಮೀಡ್ ದ್ವೀಪಗಳ ಕಥೆ ನಿನಗೇ ಬರೆಯೋಣ ಅನ್ನಿಸಿತು.

ಅಲಾಸ್ಕಾಕ್ಕೂ ರಷ್ಯಾಕ್ಕೂ ನಡುವೆ ಬೇರಿಂಗ್ ಜಲಸಂಧಿ. ಅದರ ಮಧ್ಯೆ ಎರಡು ಬಂಡೆಗುಡ್ಡಗಳು. ದೊಡ್ಡ ಡಯೋಮೀಡ್ ರಷ್ಯಾದ್ದು, ಚಿಕ್ಕದು ಅಮೆರಿಕದ್ದು. ನಡುವಿನ ನೀರು ನಾಲ್ಕು ಕಿಲೋಮೀಟರ್ ಕೂಡ ಇಲ್ಲ. ದೇಶದ ಗಡಿಯೂ ಅಲ್ಲೇ, ತಾರೀಖು ಬದಲಾಗೋ ಗೆರೆಯೂ ಅಲ್ಲೇ. ಚಳಿಗಾಲದಲ್ಲಿ ಎರಡೂ ಕಡೆಯ ಗಡಿಯಾರಕ್ಕೆ 21 ಗಂಟೆ ವ್ಯತ್ಯಾಸ. ಚಿಕ್ಕ ದ್ವೀಪದಲ್ಲಿ ಶನಿವಾರ ಮಧ್ಯಾಹ್ನ 12 ಆದರೆ ದೊಡ್ಡದರಲ್ಲಿ ಭಾನುವಾರ ಬೆಳಿಗ್ಗೆ 9. ಸೂರ್ಯ ಮಾತ್ರ ಇಬ್ಬರಿಗೂ ಒಟ್ಟಿಗೇ ಹುಟ್ಟುತ್ತಾನೆ!

ಚಿಕ್ಕ ಡಯೋಮೀಡ್‌ನಲ್ಲಿ ಇರೋದು ಒಂದೇ ಹಳ್ಳಿ. ನೂರಕ್ಕಿಂತ ಕಡಿಮೆ ಜನ, ಇನುಪಿಯಾಟ್ ಬುಡಕಟ್ಟಿನವರು. ಕಡಿದಾದ ಇಳಿಜಾರಿನಲ್ಲಿ ಕಂಬದ ಮೇಲೆ ನಿಂತ ಮನೆಗಳು, ಎದುರಿಗೇ ರಷ್ಯಾ. ಸೀಲ್, ವಾಲ್ರಸ್ ಬೇಟೆಯಾಡುತ್ತಾರೆ. ಬೇಸಿಗೆಯಲ್ಲಿ ಆಕ್ಲೆಟ್ ಅನ್ನುವ ಕಡಲಹಕ್ಕಿಗಳು ಗುಡ್ಡದ ಕಲ್ಲುಸಂದಿಗಳಿಗೆ ಹಿಂಡುಹಿಂಡಾಗಿ ಬರುತ್ತವೆ. ಉದ್ದ ಕೋಲಿಗೆ ಬಲೆ ಕಟ್ಟಿಕೊಂಡು ಕಲ್ಲುಗಳ ನಡುವೆ ಕಾದು ಕೂತು, ಹಾರುತ್ತಿರುವಾಗಲೇ ಹಿಡಿಯುತ್ತಾರೆ. ಸಮುದ್ರ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷ ಆ ಮಂಜುಗಡ್ಡೆಯ ಮೇಲೇ ವಿಮಾನ ಇಳಿಯೋಕೆ ಜಾಗ ಮಾಡಿಕೊಳ್ಳುತ್ತಾರೆ.

1867ರಲ್ಲಿ ರಷ್ಯಾ ಅಲಾಸ್ಕಾವನ್ನು ಮಾರಿದಾಗಲೇ ಗಡಿ ಬಿತ್ತು. ಜನ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ದೋಣಿಯಲ್ಲಿ ಹೋಗಿ ಬರುತ್ತಿದ್ದರು, ಹೆಣ್ಣು ಕೊಟ್ಟು ತರುತ್ತಿದ್ದರು. 1948ರಲ್ಲಿ ಸೋವಿಯತ್ ಸರ್ಕಾರ ಗಡಿ ಮುಚ್ಚಿತು. ದೊಡ್ಡ ದ್ವೀಪದ ಮನೆಗಳನ್ನು ಖಾಲಿ ಮಾಡಿಸಿ ಜನರನ್ನು ಎದುರಿನ ರಷ್ಯಾ ನೆಲವಾದ ಚುಕೋಟ್ಕಾದ ಊರುಗಳಿಗೆ ಸಾಗಿಸಿತು. ಈಗ ಅಲ್ಲಿ ಗಡಿ ಕಾಯೋರು ಬಿಟ್ಟರೆ ಯಾರೂ ಇಲ್ಲ. ಗಡಿ ಮುಚ್ಚಿದ್ದಾದರೂ ಮುಂದೆ ಯಾವತ್ತೋ ತೆರೆಯಬಹುದು. ಊರನ್ನೇ ಎತ್ತಿಬಿಟ್ಟರೆ ಏನು ಮಾಡೋದು? ನನಗೆ ತಡೆಯೋಕಾಗದ ಸಂಕಟ ಅದೇ.

1987ರ ಆಗಸ್ಟ್‌ನಲ್ಲಿ ಲಿನ್ ಕಾಕ್ಸ್ ಅನ್ನೋ ಅಮೆರಿಕದ ಈಜುಗಾರ್ತಿ ಕೊರೆಯೋ ನೀರಿನಲ್ಲಿ ಚಿಕ್ಕ ದ್ವೀಪದಿಂದ ದೊಡ್ಡ ದ್ವೀಪಕ್ಕೆ ಈಜಿದಳು. ಸುಮಾರು ಎರಡು ಗಂಟೆ ಹಿಡಿಯಿತು. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ವಾಷಿಂಗ್ಟನ್‌ನಲ್ಲಿ ಅವಳ ಹೆಸರು ಹೇಳಿ ಮೆಚ್ಚಿದ. 1989ರಲ್ಲಿ ಎರಡೂ ದೇಶ ಸೇರಿ, ಈ ಭಾಗದ ಮೂಲನಿವಾಸಿಗಳು ವೀಸಾ ಇಲ್ಲದೆ ನೆಂಟರನ್ನು ನೋಡಿ ಬರಬಹುದು ಅಂತ ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ ನಾಲ್ಕು ದಶಕ ಕಳೆದಿತ್ತು. ಎದುರಿನ ದ್ವೀಪದಲ್ಲಿ ಬಾ ಅಂತ ಕರೆಯೋ ಮನೆಯೇ ಇರಲಿಲ್ಲ. ಆ ಕಡೆಯ ಮಕ್ಕಳು ರಷ್ಯನ್ ಕಲಿತು ಬೆಳೆದಿದ್ದರು, ಈ ಕಡೆಯವರು ಇಂಗ್ಲಿಷ್.

ನೀನು ಅಲಾಸ್ಕಾಕ್ಕೆ ಹೋಗಬೇಕು ಅಂತಿದ್ದೆಯಲ್ಲ? ಅಲ್ಲಿನ ನೋಮ್ ಅನ್ನೋ ಊರಿನವರೆಗೆ ಹೋದರೆ ಅಲ್ಲಿ ಡಯೋಮೀಡ್ ಕಡೆಯವರು ಯಾರಾದರೂ ಸಿಗ್ತಾರಾ ನೋಡು. ಸಿಕ್ಕರೆ ಅವರ ಅಜ್ಜಿ ಯಾವ ದ್ವೀಪದವರು ಅಂತ ಕೇಳಿ ನನಗೆ ಬರೆಯೋ.

ನಿನ್ನ,
ರಘು