ಗಂಟಿಗೆ ಚಾಕುವಿಗಿಂತ ಮೊದಲು ಸೂಜಿ

ಸಂಪಾದಕರಿಗೆ,

ಮಾನ್ಯರೇ,

‘ಗಂಟು ಚಿಕ್ಕದಿದೆ, ತೆಗೆದುಬಿಡೋಣ. ಆಮೇಲೆ ಟೆಸ್ಟಿಗೆ ಕಳಿಸಿದರಾಯಿತು.’ ಬೆಂಗಳೂರಿನ ಬಡಾವಣೆಗಳ ನರ್ಸಿಂಗ್ ಹೋಮ್‌ಗಳಲ್ಲಿ ಇಂದಿಗೂ ಕೇಳಿಬರುವ ಮಾತಿದು. ಸ್ತನ ಉಳಿಸಿಕೊಳ್ಳಬಹುದಾಗಿದ್ದ ಎಷ್ಟೋ ಹೆಂಗಸರು ಅದನ್ನು ಕಳೆದುಕೊಳ್ಳುವ ದಾರಿ ಇಲ್ಲಿಂದಲೇ ಶುರುವಾಗುತ್ತದೆ.

ಹೀಗೆ ತೆಗೆದ ಗಂಟು ಒಂದು ಫಾರ್ಮಲಿನ್ ಡಬ್ಬಿಗೆ ಬೀಳುತ್ತದೆ. ಸಂಜೆ ಲ್ಯಾಬಿನ ಹುಡುಗ ಬೈಕಿನಲ್ಲಿ ಬಂದು ಒಯ್ಯುತ್ತಾನೆ. ಮೇಲ್ಭಾಗ ಯಾವುದು, ಕಂಕುಳ ಕಡೆಯದು ಯಾವುದು ಎಂದು ತಿಳಿಸುವ ಒಂದು ದಾರವೂ ಅದರಲ್ಲಿರುವುದಿಲ್ಲ. ಕ್ಯಾನ್ಸರ್ ಎಂದು ವರದಿ ಬಂದಾಗ ಯಾವ ಅಂಚಿನಲ್ಲಿ ರೋಗ ಉಳಿದಿದೆಯೆಂದು ಯಾರಿಗೂ ಗೊತ್ತಿಲ್ಲ. ಎರಡನೆಯ ಸರ್ಜನ್ ರಕ್ತ, ನೀರು ತುಂಬಿದ ಆ ಗುಳಿಯನ್ನು ಸುತ್ತಲೂ ಕೊರೆಯಬೇಕು. ಗಾಯದ ನೀರು ಬಸಿಯುವ ಡ್ರೈನ್ ನಳಿಕೆಯನ್ನು ದೂರದಿಂದ ಹೊರತೆಗೆದಿದ್ದರೆ ಆ ದಾರಿಯನ್ನೂ ತೆಗೆಯಬೇಕು. ಸ್ತನ ಚಿಕ್ಕದಿದ್ದರೆ ಉಳಿಸುವ ಮಾತು ಅಲ್ಲಿಗೆ ಮುಗಿಯಿತು.

ಆಗಬೇಕಾದದ್ದು ಕೋರ್ ಬಯಾಪ್ಸಿ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, 14 ಗೇಜ್ ಸೂಜಿಯಿಂದ ಶಾವಿಗೆ ಎಳೆಯಂಥ ನಾಲ್ಕೈದು ತುಣುಕು ತೆಗೆಯುತ್ತಾರೆ. ರೋಗ ಯಾವ ಬಗೆಯದು, ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳಾದ ಈಆರ್, ಪಿಆರ್ ಮತ್ತು ಕ್ಯಾನ್ಸರನ್ನು ಬೆಳೆಸುವ ಪ್ರೋಟೀನ್ ಹರ್-2 ಇವೆಯೇ ಎಂಬುದೆಲ್ಲ ಅದರಲ್ಲೇ ತಿಳಿಯುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವ ಹೆದರಿಕೆಗೆ ಆಧಾರವಿಲ್ಲ.

ದೊಡ್ಡ ಗಂಟನ್ನು ಮೊದಲು ಕೀಮೋ ಕೊಟ್ಟು ಕುಗ್ಗಿಸುವುದುಂಟು. ಹರ್-2 ಪಾಸಿಟಿವ್ ಮತ್ತು ಟ್ರಿಪಲ್ ನೆಗೆಟಿವ್ (ಮೇಲಿನ ಮೂರೂ ಇಲ್ಲದ) ಬಗೆಗಳಲ್ಲಿ ಅದು ಪೂರ್ತಿ ಕರಗಿಯೂ ಹೋಗಬಹುದು. ಸಂತೋಷವೇ, ಆದರೆ ಸರ್ಜನ್ ಎಲ್ಲಿ ಕೊಯ್ಯಬೇಕು? ಅದಕ್ಕೇ ಕೀಮೋಗೆ ಮುಂಚೆ ಗಂಟಿನೊಳಗೆ ಎಳ್ಳುಕಾಳಿನಷ್ಟು ಟೈಟಾನಿಯಂ ಕ್ಲಿಪ್ ಇಡಬೇಕು. ಐದು ನಿಮಿಷದ ಈ ಕೆಲಸ ಮರೆತುಹೋಗಿ, ಗಂಟು ಮಾಯವಾದ ಮೇಲೆ ಜಾಗ ತೋಚದೆ ಇಡೀ ಸ್ತನ ತೆಗೆಯುವ ಪ್ರಸಂಗಗಳು ಇವೆ.

ಆಪರೇಷನ್ನಿನಲ್ಲಿ ಗಂಟನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದೊಡನೆ ತೆಗೆದು, ಮೇಲಂಚಿಗೆ ಗಿಡ್ಡ ದಾರ, ಹೊರಂಚಿಗೆ ಉದ್ದ ದಾರ ಕಟ್ಟುತ್ತಾರೆ. ಪೆಥಾಲಜಿಯಲ್ಲಿ ಅಂಚುಗಳಿಗೆ ಬಣ್ಣದ ಶಾಯಿ ಬಳಿಯುತ್ತಾರೆ. ಹರಡುವ ಬಗೆಯ ಕ್ಯಾನ್ಸರಿನಲ್ಲಿ ಶಾಯಿಗೆ ಕ್ಯಾನ್ಸರ್ ಕಣ ತಾಗಿರಬಾರದು, ಅಷ್ಟು ಸಾಕು. ಹಾಲಿನ ನಾಳದೊಳಗೇ ಇರುವ ಬಗೆಗೆ 2 ಮಿ.ಮೀ. ಅಂತರ ಬೇಕು.

ಉಳಿದ ಸ್ತನಕ್ಕೆ ಆಕಾರ ಕೊಡುವುದು ಇನ್ನೊಂದು ವಿದ್ಯೆ, ಆಂಕೋಪ್ಲಾಸ್ಟಿ. ತೆಗೆದದ್ದು ಸ್ತನದ ಶೇ 20ಕ್ಕಿಂತ ಕಡಿಮೆಯಾದರೆ ಪಕ್ಕದ ಅಂಗಾಂಶವನ್ನೇ ಎಳೆದು ತುಂಬುತ್ತಾರೆ. ಶೇ 20ರಿಂದ 50ರವರೆಗಾದರೆ ಸ್ತನ ಚಿಕ್ಕದು ಮಾಡುವ ಆಪರೇಷನ್ನಿನ ಗೆರೆಗಳಲ್ಲೇ ಕೊಯ್ದು, ಬೇಕಿದ್ದರೆ ಇನ್ನೊಂದು ಸ್ತನವನ್ನೂ ಸರಿಹೊಂದಿಸುತ್ತಾರೆ. ಸ್ತನವೇ ಚಿಕ್ಕದಿದ್ದರೆ ಕಂಕುಳ ಕೆಳಗಿನ ಪಕ್ಕೆಯ ಕೊಬ್ಬನ್ನೋ ಬೆನ್ನಿನ ಸ್ನಾಯುವನ್ನೋ ರಕ್ತನಾಳ ಸಮೇತ ತಿರುಗಿಸಿ ತರುತ್ತಾರೆ. ಇದಾವುದೂ ಮಾಡದೆ, ಸ್ತನದ ಕೆಳಭಾಗದ ಗಂಟು ತೆಗೆದು ಸುಮ್ಮನೆ ಹೊಲಿದರೆ ರೇಡಿಯೇಷನ್ ಆದಮೇಲೆ ತೊಟ್ಟು ಹಕ್ಕಿಯ ಕೊಕ್ಕಿನಂತೆ ಕೆಳಗೆ ಬಾಗುತ್ತದೆ. ಆಮೇಲೆ ಸರಿಮಾಡುವುದು ಬಹಳ ಕಷ್ಟ. ಹಾಗೆಂದು ಕೊಬ್ಬಿನ ಸ್ತನವನ್ನು ಚರ್ಮದಿಂದಲೂ ಎದೆಸ್ನಾಯುವಿನಿಂದಲೂ ಅತಿಯಾಗಿ ಬಿಡಿಸಿದರೆ ರಕ್ತ ಸಾಲದೆ ಕೊಬ್ಬು ಸತ್ತು ಗಟ್ಟಿಯಾಗುತ್ತದೆ. ಮರುವರ್ಷ ಅದೇ ‘ಹೊಸ ಗಂಟು’ ಎಂದು ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಗಾಯ ನಿಧಾನ, ಮುಂದಿನ ಚಿಕಿತ್ಸೆಯೂ ತಡ.

ಸ್ತನ ಉಳಿಸಿದರೆ ಆಯುಸ್ಸು ಕಡಿಮೆಯೇ? ಸ್ತನ ಉಳಿಸಿದವರನ್ನೂ ಪೂರ್ತಿ ತೆಗೆದವರನ್ನೂ ಹೋಲಿಸಿದ ಇಟಲಿಯ ಮಿಲಾನ್ ಮತ್ತು ಅಮೆರಿಕದ ಬಿ-06 ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲೇ ಬಂದಿದೆ: ಬದುಕುಳಿಯುವಿಕೆಯಲ್ಲಿ ವ್ಯತ್ಯಾಸವಿಲ್ಲ. ಆದರೆ ಜನ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್ ಬಿಡುವಂತಿಲ್ಲ. ಬಿ-06ರಲ್ಲಿ ಅದೇ ಸ್ತನದಲ್ಲಿ ರೋಗ ಮರಳಿದ್ದು ರೇಡಿಯೇಷನ್ ಪಡೆದವರಲ್ಲಿ ಶೇ 14.3, ಪಡೆಯದವರಲ್ಲಿ ಶೇ 39.2. ಚಿಕ್ಕದಾದ, ಹಾರ್ಮೋನ್ ಚಿಕಿತ್ಸೆಗೆ ಬಗ್ಗುವ ಗಂಟಿರುವ ಕೆಲವು ವಯಸ್ಸಾದವರಿಗಷ್ಟೇ ವಿನಾಯಿತಿ.

ರಾಯಚೂರು, ಕಲಬುರಗಿಯಿಂದ ಬಂದವರು ‘ಕರೆಂಟಿಗೆ ತಿಂಗಳುಗಟ್ಟಲೆ ಇಲ್ಲಿರಲಾಗದು, ಪೂರ್ತಿ ತೆಗೆದುಬಿಡಿ’ ಎನ್ನುತ್ತಾರೆ. ಹಿಂದೆ 25 ದಿನ ಕೊಡುತ್ತಿದ್ದುದು ಈಗ 15 ದಿನ, 40 ಗ್ರೇ (ರೇಡಿಯೇಷನ್ ಅಳೆಯುವ ಮಾನ); ಆಯ್ದವರಿಗೆ 5 ದಿನದಲ್ಲಿ 26 ಗ್ರೇ. ಪೂರ್ತಿ ತೆಗೆದರೂ ಗಂಟು 5 ಸೆಂ.ಮೀ. ಮೀರಿದ್ದರೆ, ಕಂಕುಳಿನ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗವಿದ್ದರೆ ಕರೆಂಟ್ ತಪ್ಪುವುದಿಲ್ಲ. ಇದನ್ನು ಮೊದಲೇ ಹೇಳುವವರು ಬೇಕು.

ಸ್ತನ ಉಳಿಸುವ ಆಪರೇಷನ್ ಎಲ್ಲರಿಗೂ ಹೊಂದುವುದಿಲ್ಲ ಎಂಬುದೂ ನಿಜ. ಮ್ಯಾಮೊಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಕ್ಯಾನ್ಸರಿನ ಶಂಕೆ ಹುಟ್ಟಿಸುವ ಸುಣ್ಣದ ಚುಕ್ಕೆಗಳು ಸ್ತನದ ತುಂಬ ಹರಡಿದ್ದರೆ, ಇಡೀ ಸ್ತನ ಕೆಂಪಗೆ ಊದುವ ಬಗೆಯಾಗಿದ್ದರೆ, ಎದೆಗೆ ಮೊದಲೇ ರೇಡಿಯೇಷನ್ ಆಗಿದ್ದರೆ ಸಾಮಾನ್ಯವಾಗಿ ಪೂರ್ತಿ ತೆಗೆಯುವುದೇ ಸರಿ.

ಆಸ್ಪತ್ರೆಗಳಿಗೆ ನಮ್ಮ ಬೇಡಿಕೆ ಚಿಕ್ಕದು. ಪೂರ್ತಿ ತೆಗೆದಿದ್ದರೆ ಕಾರಣವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಿರಿ. ಉಳಿಸಿದ್ದರೆ ಪ್ರತಿ ಅಂಚಿನ ಅಂತರವನ್ನೂ, ಗುಳಿಯ ಗೋಡೆಗೆ ಇಟ್ಟ ಕ್ಲಿಪ್‌ಗಳ ಸಂಖ್ಯೆಯನ್ನೂ ನಮೂದಿಸಿ. ಅಂಗಾಂಶ ಸರಿಸಿ ಹೊಲಿದ ಮೇಲೆ ಗಂಟಿದ್ದ ಜಾಗ ಹೊಲಿಗೆಯ ಕಲೆಯ ನೇರಕ್ಕೆ ಇರುವುದಿಲ್ಲ. ರೇಡಿಯೇಷನ್ ಕೊಡುವವರು ಹೆಚ್ಚುವರಿ ಡೋಸನ್ನು ಆ ಕ್ಲಿಪ್‌ಗಳನ್ನು ನೋಡಿಯೇ ಗುರಿಯಿಡಬೇಕು.

— ಸ್ತನ ಕ್ಯಾನ್ಸರ್ ಚಿಕಿತ್ಸಾ ವಿಭಾಗದ ಇಬ್ಬರು ವೈದ್ಯರು, ಬೆಂಗಳೂರು