ಕೌದಿ ತಡವಾದುದಕ್ಕೆ ಕಾರಣ

ಪ್ರಿಯ ಗೆಳೆಯಾ,

ನಿನ್ನ ಮೊಮ್ಮಗಳ ನಾಮಕರಣದ ಹೊತ್ತಿಗೆ ತಲುಪಿಸುತ್ತೇನೆಂದು ನಾನೇ ಮುಂದಾಗಿ ಮಾತು ಕೊಟ್ಟಿದ್ದ ಕೌದಿ, ಮಗು ಬೋರಲು ಬೀಳುವ ಕಾಲ ಬಂದರೂ ನಿನ್ನ ಮನೆ ಮುಟ್ಟಲಿಲ್ಲ. ನೀನು ಎರಡು ಸಲ ಫೋನಿನಲ್ಲಿ ಕೇಳಿದಾಗಲೂ "ಮಳೆ ಮಾರಾಯ, ಇಲ್ಲಿ ಏನೂ ಒಣಗುವುದಿಲ್ಲ" ಎಂದು ಜಾರಿಕೊಂಡೆ. ಮಳೆ ಸುಳ್ಳಲ್ಲ, ಆರಿದ್ರಾ ಹಿಡಿದದ್ದು ಪುಷ್ಯ ಮುಗಿದರೂ ಬಿಡದೆ, ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ನೇತು ಹಾಕಿದ ಪಂಚೆಗೂ ಹೊಗೆಯ ವಾಸನೆ ಹತ್ತಿತೇ ಹೊರತು ತೇವ ಆರಲಿಲ್ಲ. ಆದರೆ ಕೌದಿ ತಡವಾದುದಕ್ಕೆ ನಿಜವಾದ ಕಾರಣ ಬೇರೆ ಇದೆ. ಅದನ್ನು ಫೋನಿನಲ್ಲಿ ಹೇಳಿದ್ದರೆ ನೀನು ನಕ್ಕುಬಿಡುತ್ತಿದ್ದೆ ಎಂದು ಕಾಗದದಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೀರೆಗಳ ವಿಷಯ ಹೇಳಬೇಕು. ಅವ್ವ ಹೋದ ಮೇಲೆ ಅವಳ ಟ್ರಂಕನ್ನು ಒಂದೂವರೆ ವರ್ಷ ಯಾರೂ ಮುಟ್ಟಿರಲಿಲ್ಲ. ನಿನಗೆ ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನ ನಿನ್ನ ಅತ್ತಿಗೆಯೇ ಅದನ್ನು ತೆರೆದು, ಮೆತ್ತಗಾದ ನಾಲ್ಕು ಹತ್ತಿಯ ಸೀರೆಗಳನ್ನು ಆರಿಸಿ ಹೊರಗಿಟ್ಟಳು. ಬಟ್ಟೆಯ ವಿಷಯದಲ್ಲಿ ಅವ್ವನ ಲೆಕ್ಕಾಚಾರ ನಿನಗೂ ನೆನಪಿರಬೇಕು: ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ಮನೆಗೆ, ಆಮೇಲೆ ಗದ್ದೆಗೆ, ಆಮೇಲೆ ಕೌದಿಗೆ, ಕೌದಿಯೂ ಹರಿದ ಮೇಲೆ ಅಡುಗೆಮನೆಯ ಮಸಿಬಟ್ಟೆಗೆ. ಹೈಸ್ಕೂಲಿನ ಮೂರು ವರ್ಷ ನಮ್ಮ ಮನೆಯ ಜಗಲಿಯಲ್ಲಿ ನೀನು ಹೊದ್ದು ಮಲಗಿದ್ದು ಅವಳ ಗದ್ದೆಯ ಸೀರೆಗಳನ್ನೇ. ಈ ನಾಲ್ಕರಲ್ಲಿ ಕೆಂಗಂದು ಬಣ್ಣದ ಒಂದು ಸೀರೆ ಮಾತ್ರ ಹಬ್ಬದ ಹಂತವನ್ನೇ ದಾಟಿರಲಿಲ್ಲ. ಸಿಗಂದೂರಿಗೆ ಹರಕೆ ತೀರಿಸಲು ಹೋದಾಗ ದಾರಿಯಲ್ಲಿ ಸಾಗರದ ಪೇಟೆಯಲ್ಲಿ ಕೊಂಡದ್ದು ಅದು. ಶರಾವತಿಯ ಹಿನ್ನೀರಿನ ನಡುವೆ ಲಾಂಚಿನ ಕಂಬಿ ಹಿಡಿದು ನಿಂತ ಅವ್ವ, ನೀರಿಗೆ ಬೀಳಬಾರದೆಂದು ಆ ಸೀರೆಯ ಪೊಟ್ಟಣವನ್ನು ಮಗುವಿನಂತೆ ಎದೆಗೆ ಅವುಚಿಕೊಂಡಿದ್ದಳು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದ ಮೇಲೆ ಬಸ್ಸು ಕಾರುಗಳು ನೀರಿನ ಮೇಲೆಯೇ ಹಾದು ಆಚೆ ದಡ ಸೇರುತ್ತಿವೆ. ಅನುಕೂಲವೇನೋ ಆಯಿತು, ಆದರೂ ಲಾಂಚಿಗಾಗಿ ಬಿಸಿಲಲ್ಲಿ ಕಾಯುತ್ತ ಅವ್ವ ಮಾಡುತ್ತಿದ್ದ ಗೊಣಗಾಟವಿಲ್ಲದೆ ಸಿಗಂದೂರಿನ ಯಾತ್ರೆ ನನಗೆ ಅರ್ಧವೇ ಅನ್ನಿಸುತ್ತದೆ.

ಮೃಗಶಿರಾ ಮಳೆಯ ಮೊದಲ ವಾರದಲ್ಲಿ ಕೌದಿಯ ಕೆಲಸ ಶುರುವಾಯಿತು. ಹಿತ್ತಿಲ ಜಗಲಿಯಲ್ಲಿ ಸೀರೆಗಳನ್ನು ಮಡಚಿ ಪದರ ಪದರವಾಗಿ ಹಾಸಿ, ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಮುಟ್ಟಿಸಿ, ದೀಪ ಹಚ್ಚಿ, ನಿನ್ನ ಅತ್ತಿಗೆ ಸೂಜಿ ಹಿಡಿದಳು. ಆ ಹೊತ್ತಿಗೆ ನಮ್ಮ ಸೊಸೆ ಒಂದು ತಕರಾರು ತೆಗೆದಳು. ಅವಳ ತವರು ಯಲ್ಲಾಪುರದ ಕಡೆಯದು; ಅಲ್ಲಿಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿಕೊಂಡೇ ಬೆಳೆದವಳು. ಅವರು ನಮ್ಮಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೆರೆ ಎಳೆದ ಹಾಗೆ ಹೊಲಿಯದೆ, ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರಂತೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಫೂಲ, ಅಂದರೆ ಹೂವು, ಇಡದಿದ್ದರೆ ಆ ಕೌದಿ ಮುಗಿದ ಲೆಕ್ಕವೇ ಅಲ್ಲವಂತೆ. ಅತ್ತೆ ಸೊಸೆಯರ ನಡುವೆ ಈ ವಿಷಯ ಎರಡು ದಿನ ನಡೆದು, ಕೊನೆಗೆ ಹೊಲಿಗೆ ಅತ್ತೆಯದು, ಹೂವು ಸೊಸೆಯದು ಎಂದು ತೀರ್ಮಾನವಾಯಿತು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮತ: ದಾರದ ಗಂಟು ಹೊರಗೆ ಕಾಣಬಾರದು. ಎಳೆಯ ಮೈಗೆ ಗಂಟು ಒತ್ತುತ್ತದೆಂದು, ಪ್ರತಿ ಸಲ ದಾರ ಮುಗಿದಾಗಲೂ ಗಂಟನ್ನು ಪದರದೊಳಕ್ಕೆ ಎಳೆದು ಬಚ್ಚಿಡುವ ನಿನ್ನ ಅತ್ತಿಗೆಯ ತಾಳ್ಮೆಯನ್ನು ನೋಡಿದರೆ, ಉತ್ತರಪತ್ರಿಕೆ ತಿದ್ದುವಾಗ ನನಗೆ ಅದರಲ್ಲಿ ಕಾಲು ಭಾಗವಾದರೂ ಇರಬೇಕಿತ್ತು ಅನ್ನಿಸುತ್ತಿತ್ತು.

ಇಷ್ಟರಲ್ಲಿ, ಎಲೆ ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿ ಬಂತು. ಹಿತ್ತಿಲ ಜಗಲಿಯ ಮೂಲೆಯಲ್ಲಿ, ಬಟ್ಟೆ ಹರವುವ ತಂತಿಯ ಕೆಳಗೆ ಗಜನಿಂಬೆಯ ಗಿಡವಿರುವುದನ್ನು ನೀನು ಬಲ್ಲೆ. ನೆಲದಿಂದ ಸೊಂಟದೆತ್ತರದಲ್ಲಿ, ಅದರ ಎರಡು ಎಲೆಗಳು ಅಂಚು ಕೂಡಿಸಿಕೊಂಡು ದೊನ್ನೆಯ ಹಾಗೆ ಆಗಿದ್ದುದನ್ನು ಮೊದಲು ಕಂಡವಳು ಸೊಸೆ. ಗೇಣುದ್ದವೂ ಇಲ್ಲದ ಹಕ್ಕಿ. ನೆತ್ತಿಯ ಮೇಲೆ ತುಕ್ಕಿನ ಬಣ್ಣ, ಬೆನ್ನು ಎಲೆಹಸಿರು, ಬಾಲ ಸದಾ ನೆಟ್ಟಗೆ. ಹೊಲಿಯುವುದು ಹೆಣ್ಣು ಹಕ್ಕಿ. ಕೊಕ್ಕಿನಿಂದ ಎಲೆಯಂಚಿಗೆ ತೂತು ಕೊರೆದು, ಜೇಡರ ಬಲೆಯ ಎಳೆಯನ್ನೋ ಹತ್ತಿಯ ನೂಲನ್ನೋ ಅದರಲ್ಲಿ ತೂರಿಸಿ, ಆಚೆ ಬದಿಗೆ ಹಾರಿ ಹೋಗಿ ಎಳೆಯುತ್ತಿತ್ತು. ಅತ್ತ ಅದು, ಇತ್ತ ನಾಲ್ಕು ಮಾರು ದೂರದಲ್ಲಿ ಇವರಿಬ್ಬರು. ಗಂಡು ಹಕ್ಕಿ ಮಾತ್ರ ತಂತಿಯ ಮೇಲೆ ಕೂತು "ಟುವೀ ಟುವೀ" ಎಂದು ಗಂಟಲು ಹರಿದುಕೊಳ್ಳುತ್ತಿತ್ತು. ಅದನ್ನು ತೋರಿಸಿ ನಿನ್ನ ಅತ್ತಿಗೆ ನನ್ನ ಕಡೆ ನೋಡಿದ ನೋಟದ ಅರ್ಥವನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಮೊಟ್ಟೆಗಳಾದವು. ಹಕ್ಕಿ ಬೆದರಬಾರದೆಂದು ಕೌದಿಯನ್ನು ಜಗಲಿಯ ಇನ್ನೊಂದು ತುದಿಗೆ ಸರಿಸಿದರು; ಕೆಲಸ ನಿಲ್ಲಲಿಲ್ಲ. ನಿಂತದ್ದು ಕೆಂಬೂತ ಬಂದ ದಿನ.

ಅವ್ವ ಕೈ ಮುಗಿಯದ ವಸ್ತು ನಮ್ಮೂರಿನಲ್ಲಿ ಕಡಿಮೆ. ಅಡಿಕೆಯ ಮೊದಲ ಕೊನೆಗೆ, ತೋಟದ ಅಂಚಿನ ಚೌಡಿಯ ಕಲ್ಲಿಗೆ, ಬೆಳಗಿನ ಮೊದಲ ಬಸ್ಸಿಗೆ ಸಹ ಕೈ ಮುಗಿಯುತ್ತಿದ್ದಳು. ಬಸ್ಸಿನ ಗಾಜಿನ ಮೇಲೆ ದೇವರ ಪಟವಿದೆ ಎಂಬುದು ಅವಳ ಸಮರ್ಥನೆ. ಕೆಂಬೂತವಂತೂ ಅವಳಿಗೆ ರತ್ನಪಕ್ಷಿಯೇ. ಬೆಳಿಗ್ಗೆ ಅದರ ದರ್ಶನವಾದರೆ ಅಂದು ಕೈ ಹಾಕಿದ ಕೆಲಸ ನೆರವೇರುತ್ತದೆಂದು ನಂಬಿದ್ದಳು, ಮತ್ತು ಆ ನಂಬಿಕೆಯನ್ನು ಸೊಸೆಯಾಗಿ ಬಂದ ನಿನ್ನ ಅತ್ತಿಗೆಗೂ ಕಲಿಸಿದ್ದಳು. ಆ ದಿನ ಬೆಳಿಗ್ಗೆ ಬೇಲಿಯ ಮೇಲೆ ಕೂತಿದ್ದ ಕೆಂಬೂತವನ್ನು ಕಂಡು ಇವಳು ಕೈ ಮುಗಿದದ್ದನ್ನು ನಾನೇ ನೋಡಿದ್ದೇನೆ. ಕಾಫಿಯ ಲೋಟ ಕೆಳಗಿಡುವಷ್ಟರಲ್ಲಿ ಅದು ಗಜನಿಂಬೆಯೊಳಗೆ ನುಗ್ಗಿತ್ತು. ಟುವ್ವಿಗಳೆರಡೂ ತಮ್ಮ ಹತ್ತರಷ್ಟಿದ್ದ ಆ ಹಕ್ಕಿಯ ತಲೆಯ ಮೇಲೆಯೇ ಎರಗುತ್ತಿದ್ದವು. ನಿನ್ನ ಅತ್ತಿಗೆ ಒಲೆಯ ಬಳಿಯಿದ್ದ ಸೌದೆಯ ತುಂಡನ್ನೇ ಎತ್ತಿ ಬೀಸಿದಳು. ಏಟು ಕೆಂಬೂತಕ್ಕೆ ತಗುಲಿತೋ ಇಲ್ಲವೋ, ಒಂದು ಕಂದು ಗರಿ ಜಗಲಿಯ ಮೇಲೆ ಬಿತ್ತು. ಗೂಡು ಹರಿದಿತ್ತು, ಮೊಟ್ಟೆಗಳು ಇರಲಿಲ್ಲ.

ಸಂಜೆ ತುಳಸಿಕಟ್ಟೆಗೆ ದೀಪ ಇಟ್ಟವಳು ಒಳಗೆ ಬಾರದೆ ಅಲ್ಲೇ ನಿಂತಿದ್ದಳು. "ತಪ್ಪಾಯಿತೇನೋ. ನೀವು ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವರು, ನೀವೇ ಹೇಳಿ" ಎಂದಳು. ಮೊಟ್ಟೆ, ಮರಿ ತಿನ್ನುವುದು ಕೆಂಬೂತದ ಸ್ವಭಾವ, ಅದಕ್ಕೂ ಗೂಡಿನಲ್ಲಿ ಮರಿಗಳಿರುತ್ತವೆ ಎಂದೆ. "ಅದು ನನಗೂ ಗೊತ್ತು. ಗೊತ್ತಿರುವುದರಿಂದಲೇ ಕೇಳುತ್ತಿದ್ದೇನೆ" ಎಂದಳು. ಪಾಠ ಹೇಳಿ ಅಭ್ಯಾಸವಾದ ನನ್ನ ಬಾಯಿಗೆ ಮುಂದಿನ ಮಾತು ಬರಲಿಲ್ಲ. ನಾನು ದೇವರ ಕೋಣೆಗೆ ಹೋಗುವುದು ಬಲ್ಬು ಬದಲಿಸುವುದಕ್ಕೆ ಮಾತ್ರ ಎಂದು ಅವ್ವ ಹಂಗಿಸುತ್ತಿದ್ದಳಲ್ಲ, ಆ ಸಂಜೆ ಅವಳಿದ್ದರೆ ಏನು ಹೇಳುತ್ತಿದ್ದಳೆಂದು ಬಹಳ ಹೊತ್ತು ಯೋಚಿಸಿದೆ. ಅವಳು ಪ್ರಾಯಶಃ ಎರಡೂ ಹಕ್ಕಿಗಳ ಪರವಾಗಿ ಮಾತಾಡಿ ನಮ್ಮಿಬ್ಬರನ್ನೂ ಬೈಯುತ್ತಿದ್ದಳು.

ಒಂದು ವಾರ ಕೌದಿಗೆ ಯಾರೂ ಸೂಜಿ ಹಾಕಲಿಲ್ಲ. ಆಮೇಲೆ ಟುವ್ವಿ ಮತ್ತೆ ಬಂದು ಅದೇ ಗಿಡದಲ್ಲಿ, ಈ ಸಲ ಮುಳ್ಳುಗಳ ನಡುವೆ ಇನ್ನೂ ಒಳಗೆ, ಹೊಸ ಗೂಡು ಕಟ್ಟತೊಡಗಿದಾಗ ನಿನ್ನ ಅತ್ತಿಗೆ ಆಜ್ಞೆ ಹೊರಡಿಸಿದಳು: ಹಿತ್ತಿಲ ಜಗಲಿಗೆ ಯಾರೂ ಕಾಲಿಡುವಂತಿಲ್ಲ, ತಂತಿಯ ಮೇಲೆ ಬಟ್ಟೆ ಹಾಕುವಂತಿಲ್ಲ. ಜನ ಓಡಾಡಿದ್ದರಿಂದಲೇ ಕೆಂಬೂತಕ್ಕೆ ಗೂಡಿನ ಸುಳಿವು ಸಿಕ್ಕಿತೆಂಬುದು ಅವಳ ತರ್ಕ. ಕೌದಿ ನಡುಮನೆಗೆ ಬಂತು. ನಮ್ಮ ನಡುಮನೆಯಲ್ಲಿ ಮಳೆಗಾಲದ ಮಧ್ಯಾಹ್ನವೂ ಮುಸ್ಸಂಜೆಯಂತೆಯೇ. ಕರೆಂಟು ಬಂದರೆ ಹೋಗುವುದಕ್ಕೇ ಬಂದ ಹಾಗೆ. ಹೋದ ವರ್ಷ ಪೊರೆ ತೆಗೆಸಿದ ಅವಳ ಕಣ್ಣಿಗೆ ಆ ಬೆಳಕಿನಲ್ಲಿ ಸೂಜಿಯ ಕಣ್ಣು ಕಾಣಲಿಲ್ಲ. ದಾರ ಪೋಣಿಸುವ ಕೆಲಸ ನನಗೆ ಬಂತು. ಅದನ್ನು ನಾನು ಎಷ್ಟು ವೇಗವಾಗಿ ಮಾಡಿರಬಹುದೆಂದು ನೀನೇ ಊಹಿಸು. ಹನ್ನೆರಡು ದಿನ ಕಾವು, ಮರಿ ಬಿಟ್ಟ ಮೇಲೆ ಸುಮಾರು ಎರಡು ವಾರ. ಮಘಾ ಮಳೆಯ ಒಂದು ಬೆಳಿಗ್ಗೆ ಮರಿಗಳು ಹಾರಿ ಕರಿಬೇವಿನ ಗಿಡ ಸೇರಿದ ಮೇಲೆಯೇ ನಮಗೆ ನಮ್ಮ ಜಗಲಿ ಮರಳಿ ಸಿಕ್ಕಿತು.

ಗೂಡು ಪೂರ್ತಿ ಖಾಲಿಯಾಗಿದೆಯೆಂದು ಖಾತ್ರಿಯಾದ ಮೇಲೆ ಆ ಎಲೆಗಳನ್ನು ಕೊಯ್ದು ತಂದು ಬೆಳಕಿಗೆ ಹಿಡಿದು ನೋಡಿದೆವು. ಹಕ್ಕಿಯೂ ತನ್ನ ಹಾಗೆಯೇ ಗಂಟು ಹಾಕುತ್ತದೆಂದು ನಿನ್ನ ಅತ್ತಿಗೆ ಮೊದಲಿನಿಂದಲೂ ವಾದಿಸಿದ್ದಳು. ಗಂಟು ಇರಲಿಲ್ಲ. ಪ್ರತಿ ತೂತಿನಾಚೆಗೂ ನೂಲಿನ ತುದಿ ಬಿಚ್ಚಿ ಉಬ್ಬಿಕೊಂಡು, ಅಂಗಿಗೆ ಹಾಕಿದ ಗುಂಡಿಯಂತೆ ಎಲೆಯನ್ನು ಹಿಡಿದು ನಿಂತಿತ್ತು. ಒಳಗೆ ಹಳೆಯ ತಲೆದಿಂಬಿನಿಂದ ಎಳೆದೊಯ್ದ ಬೂರುಗದ ಹತ್ತಿ. ಆ ಬಿಳಿಯ ನಡುವೆ ಕೆಂಗಂದು ಬಣ್ಣದ ಎರಡು ಎಳೆ. ಸಿಗಂದೂರಿನ ಸೀರೆಯ ಅಂಚು ಕತ್ತರಿಸಿದಾಗ ಜಗಲಿಯಲ್ಲಿ ಉದುರಿದ್ದವು. ನಿನ್ನ ಅತ್ತಿಗೆ ಬಹಳ ಹೊತ್ತು ನೋಡಿ, "ಗಂಟಿಲ್ಲದೆ ಮಳೆಗಾಲ ಕಳೆಯಿತಲ್ಲ" ಎಂದಷ್ಟೇ ಹೇಳಿ ಎದ್ದು ಹೋದಳು. ಆ ಗೂಡು ಈಗ ದೇವರ ಕೋಣೆಯ ಗೂಡಿನಲ್ಲಿ, ಅವ್ವನ ಕುಂಕುಮದ ಭರಣಿಯ ಪಕ್ಕದಲ್ಲಿದೆ. ಇಟ್ಟವಳು ಅವಳಲ್ಲ, ನಾನು. ಏಕೆಂದು ಕೇಳಬೇಡ.

ಕೌದಿ ಮುಗಿದದ್ದು ಭೂಮಿ ಹುಣ್ಣಿಮೆಯ ಹಿಂದಿನ ದಿನ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಈ ಹಬ್ಬಕ್ಕೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ನಮ್ಮದು ಅಷ್ಟು ಚೆಂದದ ಆಚರಣೆಯಲ್ಲ, ಹಳೆಯ ಹೆಡಿಗೆಯೇ ಸಾಕು. ನಸುಕಿನಲ್ಲಿ ಗದ್ದೆಗೆ ಹೋಗಿ, ತೆನೆ ಕಟ್ಟಿದ ಬತ್ತಕ್ಕೆ, ಅಂದರೆ ಬಸುರಿ ಭೂಮಿಗೆ, ಪೂಜೆ ಮಾಡಿ, ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಬೀರಿ ಬಂದೆವು. ಕಾಗೆಗೊಂದು ಎಡೆ, ಇಲಿಗೊಂದು ಎಡೆ ಇಡುವ ಪದ್ಧತಿ ಅವ್ವನ ಕಾಲದಿಂದಲೂ ಇದೆ. ಬತ್ತ ತಿನ್ನುವ ಇಲಿಗೆ ಕಡುಬು ಏಕೆಂದು ಹುಡುಗನಾಗಿದ್ದಾಗ ನಾನು ಕೇಳಿದರೆ, "ಅದಕ್ಕೂ ಹಬ್ಬ ಬೇಡವೇನೋ" ಎಂದು ಅವ್ವ ಗದರಿದ್ದಳು. ಈ ಸಲ ಹೆಡಿಗೆಯಿಂದ ಮೂರು ಬಾಳೆಲೆಯ ತುಂಡುಗಳು ಹೊರಬಂದವು. ಮೂರನೆಯದನ್ನು ನಿನ್ನ ಅತ್ತಿಗೆ ಗದ್ದೆಯಲ್ಲಿಡದೆ, ಮನೆಗೆ ಮರಳುವಾಗ ಹಿತ್ತಿಲ ಬೇಲಿಯ ಪೊದೆಯ ಬುಡದಲ್ಲಿ, ಕೆಂಬೂತ ಸುಳಿಯುವ ಜಾಗದಲ್ಲಿ ಇಟ್ಟಳು. ಕೆಂಬೂತ ಕಡುಬು ತಿನ್ನುವುದಿಲ್ಲವೆಂದು ಹೇಳಲು ಬಾಯಿ ತೆರೆದವನು, ಸುಮ್ಮನೆ ಹೆಡಿಗೆ ಹೊತ್ತುಕೊಂಡು ಒಳಗೆ ನಡೆದೆ.

ಮಗ ಬರುವ ವಾರ ಕೆಲಸದ ಮೇಲೆ ನಿಮ್ಮೂರಿಗೆ ಬರುತ್ತಾನೆ. ಕೌದಿಯನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ಒಂದು ಬದಿಯ ಅಂಚು ಗುಲಾಬಿ ಬಣ್ಣವಾಗಿರುವುದನ್ನು ನೋಡಿ ಹೊಸ ವಿನ್ಯಾಸವೆಂದು ಭಾವಿಸಬೇಡ. ಕೆಂಗಂದು ಸೀರೆ ಬಣ್ಣ ಬಿಡುತ್ತದೆಂದು ಎಚ್ಚರಿಸಿದ್ದರೂ ಕೇಳದೆ, ಹೊಲಿದು ಮುಗಿದ ಕೌದಿಯನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಅದ್ದಿದವನು ನಾನು. ನಿಮ್ಮ ಮನೆಯಲ್ಲಿ ಅದನ್ನು ಮಷಿನ್ನಿಗೆ ಹಾಕಬೇಡಿ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಹರವಿ. ಗಂಟುಗಳೆಲ್ಲ ಒಳಗಿವೆ. ಯಾವುದಾದರೂ ಒಂದು ಕೈಗೆ ಸಿಕ್ಕಿದರೆ ನನಗೆ ಮಾತ್ರ ತಿಳಿಸು, ನಿನ್ನ ಅತ್ತಿಗೆಗೆ ಹೇಳಬೇಡ.

ಇಂತಿ ನಿನ್ನ,
ಹಳೆಯ ಜಗಲಿಯ ಗೆಳೆಯ