ಆ ಕಾಗದಕ್ಕೆ ಈಗಲೇ ಸಹಿ ಹಾಕಬೇಡ

ಮಾದಾಪುರ, ಕೊಡಗು

ಪ್ರೀತಿಯ ಚೇತು,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಕಾಗದವನ್ನು ಪ್ರಿಂಟ್ ತೆಗೆಸಿ ಎರಡು ಸಲ ಓದಿದೆ. ಕಣ್ಣು ಮಂಜಾಗಿದೆ, ಆದರೂ 'ಮೂವತ್ತು ವರ್ಷ' ಎಂಬುದು ಚೆನ್ನಾಗಿಯೇ ಕಂಡಿತು. ತೋಟದ ಮರಗಳು ಹಿಡಿದಿಟ್ಟ ಕಾರ್ಬನ್, ಅಂದರೆ ಇಂಗಾಲ, ಆ ಕಂಪನಿಯವರಿಗೆ, ವರ್ಷಕ್ಕೆ ಇಷ್ಟು ಅಂತ ದುಡ್ಡು ನಮಗೆ. ಸುಮ್ನೆ ಬರುವ ದುಡ್ಡು ಅಲ್ವಾ ದೊಡ್ಡಮ್ಮ, ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ.

ಮೊದಲು ನಮ್ಮ ಮನೆಯದೇ ಒಂದು ಕಥೆ. ನಿನ್ನ ತಾತ ಕಾಫಿ ಹಣ್ಣು ಪಲ್ಪ್ ಮಾಡಿದ (ಸಿಪ್ಪೆ ಸುಲಿದು ತೊಳೆದ) ನೀರನ್ನು ನೇರವಾಗಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿಡುತ್ತಿದ್ದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನು. ಡಿಸೆಂಬರ್ ಬಂತೆಂದರೆ ತೋಡು ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕೆಳಗಿನ ಗದ್ದೆಯವರ ದನ ಆ ನೀರು ಮುಟ್ಟುತ್ತಿರಲಿಲ್ಲ. ಅವರು ಬಂದು ಜಗಲಿ ಹತ್ತಿರ ನಿಂತರೆ ತಾತ ಒಂದು ಲೋಟ ಕಾಫಿ ಕೊಟ್ಟು, ನೋಡೋಣ ಎಂದು ಕಳಿಸುತ್ತಿದ್ದರು. ಆ ನೀರಿಗೆ ಗುಂಡಿ ತೆಗೆಸುವ ಖರ್ಚು ನಮಗೆ ಉಳಿಯಿತು. ಅದನ್ನು ತೆತ್ತವರು ಕೆಳಗಿನವರು. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಆ ಖರ್ಚು ಎಲ್ಲೂ ಇಲ್ಲ.

ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವಾಗ ಇದನ್ನೇ ಹೇಳುತ್ತಿದ್ದೆ, ತಾತನ ಹೆಸರು ಬಿಟ್ಟು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಬರೆದಿದ್ದ: ನಿನ್ನಿಂದ ಬೇರೆಯವರಿಗೆ ಆಗುವ ನಷ್ಟವನ್ನು ತೆರಿಗೆ ಮಾಡಿ ನಿನ್ನ ಲೆಕ್ಕಕ್ಕೇ ಹಾಕಬೇಕು. ಈಗಿನ ಕಾರ್ಬನ್ ತೆರಿಗೆ ಎಂದರೆ ಅಷ್ಟೇ. ಭೂಮಿ ಬಿಸಿಯಾಗುತ್ತಿರುವುದೂ ಆ ತೋಡಿನ ಜಗಳವೇ. ಆದರೆ ಈ ತೋಡಿನ ಕೆಳಗಿರುವವರಲ್ಲಿ ಎಷ್ಟೋ ಜನ ಇನ್ನೂ ಹುಟ್ಟೇ ಇಲ್ಲ. ಜಗಲಿಗೆ ಬಂದು ಕೇಳುವವರು ಯಾರು?

ಕೇಳಲು ಹೋದವರ ಕಥೆಯೂ ಗೊತ್ತಲ್ಲ. 1992ರಲ್ಲಿ ರಿಯೋ, 1997ರಲ್ಲಿ ಕ್ಯೋಟೋ, 2015ರಲ್ಲಿ ಪ್ಯಾರಿಸ್ ಎಂದು ಹವಾಮಾನದ ಒಪ್ಪಂದಗಳಾದವು. ಕ್ಯೋಟೋ ಒಪ್ಪಂದವನ್ನು ಅಮೆರಿಕ ಅನುಮೋದಿಸಲೇ ಇಲ್ಲ. ಪ್ಯಾರಿಸ್‌ನಿಂದ 2020ರಲ್ಲಿ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರ ಜನವರಿಯಲ್ಲಿ ಮತ್ತೆ ಹೊರಡುತ್ತೇನೆ ಎಂದಿತು. ಅಲ್ಲಿ ಒಬ್ಬೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ. ನಮ್ಮಲ್ಲಿ ಸುಮಾರು 2. 2024ರಲ್ಲಿ ಬಾಕುವಿನ ಹವಾಮಾನ ಸಭೆಯಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದವು. ಶ್ರೀಮಂತ ದೇಶಗಳು ಒಪ್ಪಿದ್ದು 30,000 ಕೋಟಿ, ಅದೂ 2035ರ ಹೊತ್ತಿಗೆ. ಭಾರತ ಸಭೆಯಲ್ಲೇ ಎದ್ದು ಬೇಡ ಎಂದಿತು. ಒಂದು ಲೋಟ ಕಾಫಿ ಕೊಟ್ಟು ಕಳಿಸುವುದು ತಾತನ ಕಾಲಕ್ಕೇ ಮುಗಿಯಲಿಲ್ಲ ನೋಡು.

ಹಾಗಂತ ನಮ್ಮವರೂ ಸಾಚಾ ಅಲ್ಲ. 2010ರಲ್ಲಿ ನಮ್ಮ ಸರ್ಕಾರವೇ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು. 2016ಕ್ಕೆ ಅದು 400 ಆಯಿತು. ಶುದ್ಧ ಇಂಧನಕ್ಕೆಂದು ಕೂಡಿಸಿದ ದುಡ್ಡು. ಮರುವರ್ಷ ಜಿಎಸ್‌ಟಿ ಬಂತು, ಆ ಸೆಸ್ ರಾಜ್ಯಗಳ ನಷ್ಟ ತುಂಬುವ ಕಡೆಗೆ ತಿರುಗಿತು. ಬಾವಿಗೆಂದು ಎತ್ತಿಟ್ಟ ಹಣದಲ್ಲಿ ಮದುವೆ ಮಾಡಿದ ಹಾಗೆ.

ಫ್ರಾನ್ಸಿನದು ಇನ್ನೊಂದು ರೀತಿ. 2018ರಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿಸಲು ಹೊರಟರು. ಹಳ್ಳಿ ಕಡೆಯ ಜನ ಹಳದಿ ಜಾಕೆಟ್ ಹಾಕಿಕೊಂಡು ರಸ್ತೆಗಿಳಿದರು, ಸರ್ಕಾರ ಹಿಂದೆ ಸರಿಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಸ್ಸಿಲ್ಲದ ಊರಲ್ಲಿ ಜೀಪು ಬಿಡು ಎಂದರೆ ಹೇಗೆ? ತೆರಿಗೆ ಸರಿಯೇ, ಆದರೆ ಅದು ಮೊದಲು ಯಾರ ಜೇಬಿಗೆ ತಾಗುತ್ತದೆ ಎಂದು ನೋಡದೆ ಹಾಕಿದರೆ ಒಳ್ಳೆಯ ಕಾನೂನೂ ನಿಲ್ಲುವುದಿಲ್ಲ.

ಅದೇ 2018ರ ಆಗಸ್ಟ್ ನಿನಗೆ ನೆನಪಿದೆ. ದೊಡ್ಡಪ್ಪನ ಮಳೆ ಪುಸ್ತಕದಲ್ಲಿ ಆ ಮೂರು ದಿನ ಇಂಚು, ಸೆಂಟು ಏನೂ ಇಲ್ಲ. 'ತುಂಬಿ ಹರಿಯಿತು' ಅಂತಷ್ಟೇ ಬರೆದಿದ್ದಾರೆ. ಮಕ್ಕಂದೂರು, ಜೋಡುಪಾಲ, ಕಾಲೂರು, ಎಲ್ಲ ಕಡೆ ಗುಡ್ಡದ ಬರೆ ಕುಸಿಯಿತು. ನಮ್ಮ ಕೆಳಗಿನ ತುಂಡು ಹೂಳಿನಡಿ ಹೋಯಿತು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡ, ಬೆಟ್ಟ ಕಡಿದು ಸಮ ಮಾಡಿದವರು ನಮ್ಮ ನಡುವೆಯೇ ಇದ್ದಾರೆ.

ಈಗ ಆ ಕಾಗದದ ವಿಷಯ. ಒಂದು ಕಾರ್ಬನ್ ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಹೊಗೆ ತಡೆದ ಇಲ್ಲವೇ ಹೀರಿದ ಲೆಕ್ಕ. ಆದರೆ ಹೊಸದಾಗಿ ಏನಾದರೂ ಮಾಡಿದವನಿಗೆ ಮಾತ್ರ ಅದು ಸಿಗುವುದು. ಮೊದಲೇ ನಿಂತಿರುವ ನಮ್ಮ ನಂದಿ, ಹಲಸು, ಅತ್ತಿ ಮರಗಳು ಸಾಮಾನ್ಯವಾಗಿ ಅವರ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ನಾವು ಅವನ್ನು ಹೇಗೂ ಉಳಿಸಿಕೊಂಡಿದ್ದೆವಲ್ಲ! ಎರಡು ತಲೆಮಾರು ನೆರಳು ಕಾಯ್ದವನಿಗೆ ಸೊನ್ನೆ, ಬೋಳು ನೆಲದಲ್ಲಿ ಈಗ ಸಸಿ ನೆಟ್ಟವನಿಗೆ ದುಡ್ಡು. ನನಗೆ ಇದು ಹೊಟ್ಟೆ ಉರಿಸುತ್ತದೆ. ಆ ಮರಗಳಿಗೂ ದುಡ್ಡು ಎಂದು ಯಾರಾದರೂ ಹೇಳಿದರೆ ಇನ್ನೂ ಜಾಸ್ತಿ ಅನುಮಾನ ಪಡು. ಗಾಳಿಗೆ ಮರ ಬಿದ್ದರೆ, ಬರೆ ಕುಸಿದರೆ, ಹೊಣೆ ಯಾರದು? ಬೇರೆಯವರಿಗೆ ಅವರು ಎಷ್ಟಕ್ಕೆ ಮಾರುತ್ತಾರೆ, ನಮಗೆ ಅದರಲ್ಲಿ ಎಷ್ಟು? ಕಾಗದದಲ್ಲಿ ಇದು ಎಲ್ಲೂ ಇಲ್ಲ. ಇನ್ನು ನಮ್ಮದು ಜಮ್ಮಾ ಬಾಣೆ, ತಲೆಮಾರಿನಿಂದ ಬಂದ ಗದ್ದೆಗೆ ಸೇರಿದ ಮರಗಳ ಗುಡ್ಡ. ಅಲ್ಲಿ ನಿಂತ ಮರ ಕಡಿಯುವ ಹಕ್ಕು ಯಾರದು ಎಂದು ತಾತನ ಕಾಲದಿಂದ ಕಚೇರಿ ಅಲೆದದ್ದಾಗಿದೆ. ಮರ ಯಾರದೆಂದೇ ತೀರ್ಮಾನವಾಗದೆ ಮರದೊಳಗಿನ ಇಂಗಾಲ ಮಾರುತ್ತೀಯಾ?

ಕಾಫಿ ರೇಟು ನೋಡಿ ಮರಗಸಿ (ನೆರಳಿನ ಕೊಂಬೆ ಕಡಿಯುವುದು) ಜಾಸ್ತಿ ಮಾಡಿಸೋಣ, ರೋಬಸ್ಟಾ ಕಾಫಿಗೆ ಬಿಸಿಲು ಬೀಳಲಿ ಎಂದೂ ನೀನು ಹೇಳಿದ್ದೀಯ. 2024ರಲ್ಲಿ ರೋಬಸ್ಟಾ ಚೆರ್ರಿ (ಒಣಗಿಸಿದ ಹಣ್ಣು) 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿದಾಗ ನಾನೂ ಖುಷಿಪಟ್ಟೆ. ಆದರೆ ಅದು ವಿಯೆಟ್ನಾಂನಲ್ಲಿ ಬರ ಬಿದ್ದದ್ದರಿಂದ ಸಿಕ್ಕ ರೇಟು. ನಾಳೆ ನಮ್ಮಲ್ಲಿ ಹೂಮಳೆ ಕೈಕೊಟ್ಟರೆ ಇನ್ಯಾರೋ ಖುಷಿಪಡುತ್ತಾರೆ. ಆ ದುಡ್ಡಿನಲ್ಲಿ ಕೆರೆಯ ಹೂಳು ತೆಗೆಸು, ಇಳಿಜಾರಿನ ಚರಂಡಿ ಸರಿಮಾಡಿಸು. ನೆರಳಿಗೆ ಕೈಹಾಕಬೇಡ. ಯುರೋಪಿನವರು 2020ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಎಂದು ಕಾನೂನು ಮಾಡಿದ್ದಾರೆ. ಜಾರಿ ಮುಂದೆ ಹೋಗುತ್ತಲೇ ಇದೆ, ಆದರೂ ತೋಟದ ಗಡಿಯ ಮ್ಯಾಪು ಮಾಡಿಸಿಟ್ಟುಕೋ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯ ವಿರುದ್ಧದ ಸಭೆಗೆ ನಾನೂ ಹೋಗಿದ್ದೆ. 2024ರ ಜುಲೈ 30ರಂದು ವಯನಾಡು ಕುಸಿಯಿತು, ಮಾರನೇ ದಿನ ಕೇಂದ್ರ ಆ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು, ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ವರದಿಯನ್ನೇ ತಿರಸ್ಕರಿಸಿತು. ನಮ್ಮ ಭಯ ಸುಳ್ಳಲ್ಲ. ಮಾಡಬಾರದ್ದರ ಪಟ್ಟಿ ಕೊಟ್ಟರು, ಬದಲಿಗೆ ಏನು ಕೊಡುತ್ತಾರೆಂದು ಹೇಳಲಿಲ್ಲ. ಆದರೆ ಸಣ್ಣ ಬೆಳೆಗಾರರ ಹಿಂದೆ ನಿಂತು ಜೋರಾಗಿ ಕೂಗಿದವರಲ್ಲಿ ಬೆಟ್ಟ ಮಾರುವವರೂ ಇದ್ದರು. ನಾನು ಅದನ್ನು ತಡವಾಗಿ ನೋಡಿದೆ. ನೀನು ಗ್ರಾಮಸಭೆಗೆ ಹೋದರೆ ಬೇಡ ಎಂದಷ್ಟೇ ಹೇಳಬೇಡ. ಈ ಬಾಣೆಗಳು ಹಿಡಿದಿಟ್ಟು ಕಾವೇರಿಗೆ ಬಿಟ್ಟ ಮಳೆಯನ್ನೇ ನೀನು ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿ ಕುಡಿಯುತ್ತೀಯ. ಅದಕ್ಕೆ ಇಲ್ಲಿಯವರಿಗೆ ಏನು ಸಿಗುತ್ತದೆ ಎಂದು ಕೇಳು.

ಹಬ್ಬಕ್ಕೆ ಬರುವಾಗ ಮಳೆ ಅಳೆಯುವ ಗಾಜು ಒಂದು ತಾ. ಹಳೆಯದರ ಮೇಲೆ ಹಲಸಿನಕಾಯಿ ಬಿತ್ತು.

ನಿನ್ನ
ದೊಡ್ಡಮ್ಮ